ಹೊರಗಿನವರ ಮೂಗು

“ಅಜ್ಜಾರ, ಮನಸ್ಸಿನ್ಯಾಗ ಏನೂ ಏಳದಂಗ ಆದ್ರ, ಅದಕ್ಕ ಶಾಂತಿ ಅನ್ನಬಹುದೇನ್ರಿ?”

ಕೇಳಿದವನು ಅಡಿವೆಪ್ಪ. ಮಠಕ್ಕೆ ಬಂದು ಎರಡು ವರ್ಷವಾಗಿತ್ತು. ಸೌದೆ ಒಡೆಯುತ್ತಿದ್ದ, ದಾಸೋಹದ ಪಾತ್ರೆ ತಿಕ್ಕುತ್ತಿದ್ದ. ಹೇಳಿದ್ದಕ್ಕಿಂತ ಹೆಚ್ಚು ದುಡಿಯುತ್ತಿದ್ದ, ಕೇಳಿದ್ದಕ್ಕಿಂತ ಕಡಿಮೆ ಮಾತಾಡುತ್ತಿದ್ದ. ತಾಯಿಯಿಲ್ಲದ ಹನ್ನೆರಡು ವರ್ಷದ ಮಗಳು ಸೋದರತ್ತೆಯ ಮನೆಯಲ್ಲಿದ್ದಳು. ಅಮಾವಾಸ್ಯೆಗೊಮ್ಮೆ ಬಸ್ಸು ಹಿಡಿದು ಅಪ್ಪನನ್ನು ನೋಡಲು ಬರುತ್ತಿದ್ದಳು.

“ಯಾಕ ಕೇಳ್ತಿ?” ಎಂದರು ಮಠದ ಸ್ವಾಮಿಗಳಾದ ಅಜ್ಜಾರು.

“ಮೊನ್ನೆ ಅಮಾಸಿಗೆ ಮಗಳು ಬಂದಿದ್ಲು. ಮುಂದ ಕುಂತು ಅತ್ಲು. ‘ಮನಿಗೆ ಬಾ ಅಪ್ಪಾ’ ಅಂದ್ಲು. ನಾ ನೋಡಿಕೋತ ಕುಂತಿದ್ದೆ. ಒಳಗ ಏನೂ ಅಲುಗಲಿಲ್ರಿ. ಮೊದಲಿನಂಗ ಸಂಕಟ ಇಲ್ಲ, ಸಿಟ್ಟಿಲ್ಲ, ನೆನಪೂ ಇಲ್ಲ. ನಾ ಗುರಿ ಮುಟ್ಟೀನಿ ಅನಸ್ತೈತಿ. ದೀಕ್ಷೆ ಕೊಟ್ಟುಬಿಡ್ರಿ. ಆಮ್ಯಾಲ ಆಕಿ ಬರೂದೂ ಬ್ಯಾಡ.”

ದೀಕ್ಷೆಯಾದವನಿಗೆ ಆ ಮಠದಲ್ಲಿ ಊರಿಲ್ಲ, ಮನೆಯಿಲ್ಲ, ಮಕ್ಕಳಿಲ್ಲ. ಹೆತ್ತವರಾದರೂ ಸರಿ, ಹೆತ್ತ ಮಕ್ಕಳಾದರೂ ಸರಿ, ಬಂದು ದೂರದಿಂದ ಕೈಮುಗಿದು ಹೋಗಬೇಕು.

ಅಜ್ಜಾರು ಕಾವಿ ಉಡುವ ಮೊದಲು ಕೋಲ್ಡ್ ಸ್ಟೋರೇಜುಗಳಲ್ಲಿ ಗ್ಯಾಸ್ ಪತ್ತೆ ಮಾಡುವ ಪ್ಯಾನೆಲ್ ಕೂರಿಸುವ ಕೆಲಸದಲ್ಲಿದ್ದವರು. ಆದ್ದರಿಂದ ಅವರ ದೃಷ್ಟಾಂತಗಳಲ್ಲಿ ರಾಜನೂ ಬರುವುದಿಲ್ಲ, ನರಿಯೂ ಬರುವುದಿಲ್ಲ. ವಾಲ್ವು ಬರುತ್ತದೆ, ವೈರು ಬರುತ್ತದೆ. ಪುರಾಣ ಕೇಳಲು ಬಂದ ಭಕ್ತರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವುದುಂಟು. ಅಜ್ಜಾರು ಅದಕ್ಕೆಲ್ಲ ಸೊಪ್ಪು ಹಾಕುವವರಲ್ಲ.

“ದೀಕ್ಷೆ ಎಲ್ಲಿ ಓಡಿ ಹೊಕ್ಕೈತಿ? ಕುಂಡ್ರು” ಎಂದು ಅವರು ಈ ಕತೆ ಹೇಳಿದರು.

ಒಂದು ಊರಿನ ಹೊರಗೆ, ಹೆದ್ದಾರಿಯ ಬದಿಗೆ, ಒಂದು ಕೋಲ್ಡ್ ಸ್ಟೋರೇಜು ಇತ್ತು. ಒಳಗೆಲ್ಲ ಒಣಮೆಣಸಿನಕಾಯಿಯ ಚೀಲ. ತಂಪು ಮಾಡುವುದಕ್ಕೆ ಅಮೋನಿಯಾ ಗ್ಯಾಸು. ಅದು ಪೈಪಿನೊಳಗೆ ಇರುವ ತನಕ ಆಳು, ಹೊರಗೆ ಬಂದರೆ ಅರಸು. ಸ್ವಲ್ಪ ಬಂದರೆ ಕಣ್ಣು ಉರಿಯುತ್ತದೆ, ಬಹಳ ಬಂದರೆ ಉಸಿರೇ ನಿಲ್ಲುತ್ತದೆ. ಆದ್ದರಿಂದ ಎಂಟು ಕಡೆ ಎಂಟು ಸೆನ್ಸರ್ ಹಾಕಿ, ಎಂಟರ ವೈರನ್ನೂ ಒಂದೇ ಪ್ಯಾನೆಲ್ಲಿಗೆ ತಂದಿದ್ದರು. ಪ್ಯಾನೆಲ್ಲಿನ ಮೇಲೆ ಎಂಟು ಅಂಕಿ. ಗಾಳಿ ಶುದ್ಧವಿದ್ದರೆ ಸೊನ್ನೆ, ಹಸಿರು ದೀಪ. ಇಪ್ಪತ್ತೈದು ಮುಟ್ಟಿದರೆ ಕೆಂಪು ದೀಪ, ಸೈರನ್. ಐವತ್ತಾದರೆ ವಾಲ್ವು ತಾನೇ ಮುಚ್ಚಿಕೊಂಡು ದೊಡ್ಡ ಫ್ಯಾನು ತಾನೇ ತಿರುಗಬೇಕು.

ಆ ಪ್ಯಾನೆಲ್ ನೋಡಿಕೊಳ್ಳಲು ಒಬ್ಬ ಆಪರೇಟರ್ ಇದ್ದ. ಯಂತ್ರದ ಕೋಣೆಯ ಗೋಡೆಗೆ ಹೊಂದಿಕೊಂಡಂತೆ ಅವನಿಗೊಂದು ಮನೆ ಕೊಟ್ಟಿದ್ದರು. ಎಂಟನೆಯ ಸೆನ್ಸರ್ ಆ ಮನೆಯ ಬಾಗಿಲ ಮೇಲೆಯೇ ಇತ್ತು. ಗಂಡ ಹೆಂಡತಿ ಇಬ್ಬರೇ ಇದ್ದರು.

ಪ್ಯಾನೆಲ್ ಕೂರಿಸಿದ ಮೇಸ್ತ್ರಿ ಹೋಗುವಾಗ ಎಲ್ಲವನ್ನೂ ಕಲಿಸಿದ. ಹೊಸ ಸೆನ್ಸರಿಗೆ ಕರೆಂಟು ಕೊಟ್ಟು ಒಂದು ದಿನ ಪೂರ್ತಿ ಸುಮ್ಮನೆ ಬಿಡಬೇಕು. ಹೊಸ ಸೊಸೆಯ ಹಾಗೆ ಅದು ಮನೆಗೆ ಹೊಂದಿಕೊಳ್ಳಬೇಕು. ಸೈರನ್ನನ್ನು ವಾರಕ್ಕೊಮ್ಮೆ ಕೂಗಿಸಿ ನೋಡಬೇಕು. ಕೊನೆಗೆ ಸೊನ್ನೆ ಮಾಡುವ ಗುಂಡಿಯ ಮೇಲೆ ಬೆರಳಿಟ್ಟು ಹೇಳಿದ:

“ಇದನ್ನ ಒತ್ತಿದಾಗ ಎಂಥಾ ಗಾಳಿ ಇರತೈತೋ, ಅದನ್ನ ಪ್ಯಾನೆಲ್ ಶುದ್ಧ ಗಾಳಿ ಅಂತ ನಂಬತೈತಿ. ಆಮ್ಯಾಲ ಅದಕ್ಕ ಬುದ್ಧಿ ಹೇಳೋರು ಯಾರೂ ಇಲ್ಲ. ಅದಕ್ಕ ಮೊದಲ ಬಾಗಲಾ ಎಲ್ಲಾ ತಗಿ, ಫ್ಯಾನ್ ಹಾಕು, ಒಂದು ತಾಸು ಬಿಡು. ಆಮ್ಯಾಲ ಹೊರಗಿನವರು ಒಬ್ಬರನ್ನ ಕರಕೊಂಡು ಬಂದು ಮೂಸಿ ನೋಡ್ರಿ ಅನ್ನು. ನಿನ್ನ ಮೂಗು ನಂಬಬ್ಯಾಡ. ಇಲ್ಲೇ ಇದ್ದವರ ಮೂಗು ಸತ್ತಿರತೈತಿ.”

ಹೊರಗಿನವರ ಮೂಗನ್ನು ಕರೆಯುವುದು ಆ ಮೇಸ್ತ್ರಿಗಳ ರೂಢಿ. ಕಂಪನಿಯ ಪುಸ್ತಕದಲ್ಲಿ ಅದನ್ನು ಬರೆದಿರಲಿಲ್ಲ.

ಮೊದಲ ವರ್ಷ ಆಪರೇಟರ್ ಹಾಗೆಯೇ ಮಾಡಿದ. ರಸ್ತೆಯಾಚೆಯ ಚಹಾ ಅಂಗಡಿಯವನನ್ನು ಕರೆದ. ಅವನು ಬಂದು, ಎಂಟೂ ಕಡೆ ಗಂಭೀರವಾಗಿ ಮೂಸಿ, “ಮೆಣಸಿನಕಾಯಿ ನಾತ ಬಿಟ್ರ ಏನಿಲ್ಲ ಬಿಡಪಾ” ಎಂದ. ಹೆಣ್ಣು ನೋಡಲು ಬಂದವರಿಗೆ ಕೊಟ್ಟ ಹಾಗೆ ಹೆಂಡತಿ ಅವನಿಗೆ ಅವಲಕ್ಕಿ ಕೊಟ್ಟು ನಕ್ಕಳು. ಆ ದಿನ ಆ ಮನೆಯಲ್ಲಿ ನಗುವಿತ್ತು.

ಎರಡನೆಯ ವರ್ಷ ಹೆಂಡತಿ ಚೊಚ್ಚಲ ಹೆರಿಗೆಗೆ ತವರಿಗೆ ಹೋದಳು. ಚೀಲಗಳೆಲ್ಲ ಒಳಗೆ ಸೇರಿದ ಮೇಲೆ ಹಮಾಲರೂ ಹೋದರು. ಉಳಿದವನು ಅವನೊಬ್ಬ. ಮಾತಿಗೆ ಜನರಿಲ್ಲದೆ ಅವನು ಅಂಕಿಗಳನ್ನೇ ಮಾತಾಡಿಸಲು ಕಲಿತ. “ಏನ್ರಿ ಮೂರನೇಯವ್ರ, ಆರಾಮೇನು?” ಎನ್ನುತ್ತಿದ್ದ. ಮೂರನೆಯವರು ಸೊನ್ನೆ ತೋರಿಸುತ್ತಿದ್ದರು. ಅವನಿಗೆ ಅಷ್ಟೇ ಸಾಕಾಗುತ್ತಿತ್ತು.

ಆಗ ಯಂತ್ರದ ಕೋಣೆಯಲ್ಲಿ ಒಂದು ವಾಲ್ವಿನ ನಟ್ಟು ಕೂದಲೆಳೆಯಷ್ಟು ಸಡಿಲವಾಯಿತು. ಗ್ಯಾಸು ಬುಸ್ಸೆಂದು ಬರಲಿಲ್ಲ, ಜಿನುಗಿತು. ಅಂಕಿಗಳು ಮೆಲ್ಲಗೆ ಏರಿದವು. ಐದಾಯಿತು, ಹನ್ನೊಂದಾಯಿತು, ಹದಿನೆಂಟಾಯಿತು. ಅವನು ಅಲ್ಲೇ ಉಂಡು ಅಲ್ಲೇ ಮಲಗುವವನು. ಮೂಗಿಗೆ ಏನೂ ತಿಳಿಯಲಿಲ್ಲ. ಒಂದು ಮಧ್ಯಾಹ್ನ ಇಪ್ಪತ್ತೈದು ಮುಟ್ಟಿ ಸೈರನ್ ಕೂಗಿತು. ಓಡಿ ಬಾಗಿಲು ತೆಗೆದ, ಫ್ಯಾನು ಹಾಕಿದ, ಅಂಕಿ ಇಳಿಯಿತು. ಮರುದಿನ ಮತ್ತೆ ಕೂಗಿತು. ಅದರ ಮರುದಿನವೂ ಕೂಗಿತು. ಪೈಪುಗಳನ್ನೆಲ್ಲ ಹುಡುಕಿದ. ಕಣ್ಣಿಗೆ ಏನೂ ಕಾಣಲಿಲ್ಲ, ನಾತವೂ ಬರಲಿಲ್ಲ.

ಅಷ್ಟರಲ್ಲಿ ತವರಿನಿಂದ ಸುದ್ದಿ ಬಂತು. ಹೆಣ್ಣುಕೂಸಿಗೆ ಐದು ತಿಂಗಳು ತುಂಬಿದೆ, ಬರುವ ಸೋಮವಾರ ಕರೆತರುತ್ತೇವೆ ಎಂದು. ಅವನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮನೆ ಸಾರಿಸಿದ, ತೊಟ್ಟಿಲು ಕಟ್ಟಿದ. ಕಟ್ಟಿ, ಹಿಂದೆ ಸರಿದು ನೋಡಿದರೆ ತೊಟ್ಟಿಲ ನೇರಕ್ಕೆ ಗೋಡೆಯ ಮೇಲೆ ಸೈರನ್ನಿನ ಬಾಯಿ. ಇದು ಕೂಗಿದರೆ ಕೂಸು ಬೆಚ್ಚಿಬೀಳುತ್ತದಲ್ಲ ಎಂದು ಕಳವಳವಾಯಿತು. ಸೆನ್ಸರುಗಳೇ ಕೆಟ್ಟು ಸುಳ್ಳು ಹೇಳುತ್ತಿವೆ, ಸೊನ್ನೆ ಮಾಡಿಬಿಡೋಣ ಎಂದುಕೊಂಡ.

ಬಾಗಿಲು ತೆಗೆದು ತಾಸುಗಟ್ಟಲೆ ಬಿಟ್ಟರೆ ತಂಪು ಹೋಗುತ್ತದೆ ಎಂದು ತೆಗೆಯಲಿಲ್ಲ. ಹೊರಗಿನವರನ್ನು ಕರೆಯಬೇಕಿತ್ತು. ಯಾರನ್ನು ಕರೆಯುವುದು? ಚಹಾ ಅಂಗಡಿಗೆ ಹೋಗುವುದನ್ನು ಅವನು ಬಿಟ್ಟು ಬಹಳ ದಿನವಾಗಿತ್ತು. ಈಚೆಗೆ ಅವನು ಹೋಗಿ ಕೂತರೆ ಜನ ಬೆಂಚಿನ ಆ ತುದಿಗೆ ಸರಿಯುತ್ತಿದ್ದರು. ಯಾಕೆಂದು ಅವನಿಗೆ ತಿಳಿಯಲಿಲ್ಲ, ಅವರು ಹೇಳಲಿಲ್ಲ. ಒಬ್ಬನೇ ಇದ್ದು ಇದ್ದು ಮನುಷ್ಯರನ್ನು ಕರೆಯುವುದಕ್ಕೇ ನಾಚಿಕೆ ಹುಟ್ಟಿತ್ತು. ಬಂದು ನನ್ನ ಮನೆಯ ಗಾಳಿ ಮೂಸಿ ನೋಡಿ ಎಂದು ಯಾರಿಗೆ ಹೇಳುವುದು? ತಾನೇ ಪ್ಯಾನೆಲ್ಲಿನ ಮುಂದೆ ನಿಂತು ಎದೆ ತುಂಬ ಉಸಿರೆಳೆದ. ಏನೂ ನಾತವಿರಲಿಲ್ಲ. ಗುಂಡಿ ಒತ್ತಿದ. ಒಂದರಿಂದ ಎಂಟರ ತನಕ ಒತ್ತಿದ. ಎಂಟೂ ಸೊನ್ನೆಯಾದವು, ಎಂಟೂ ಹಸಿರಾದವು. ತೊಟ್ಟಿಲನ್ನು ಒಂದು ಸಲ ತೂಗಿ ನೋಡಿದ.

ಅವನು ಕೆಟ್ಟವನಲ್ಲ. ಮೈಗಳ್ಳನೂ ಅಲ್ಲ. ಮಗಳ ನಿದ್ದೆ ಕೆಡಬಾರದೆಂದು ಮಾಡಿದ. ಲೋಕದ ಕೇಡಿನಲ್ಲಿ ಅರ್ಧ ಹೀಗೆ ಮುದ್ದಿನಿಂದಲೇ ಆಗುವುದು. ನನಗೆ ಸಿಟ್ಟು ಬರುವುದೂ ಅದಕ್ಕೇ. ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು ಎಂದರು ಅಜ್ಜಾರು.

ಸೋಮವಾರ ಹೆಂಡತಿ ಬಂದಳು. ಹೊಸ್ತಿಲು ದಾಟುವ ಮೊದಲೇ ಸೆರಗು ಮೂಗಿಗೆ ಹೋಯಿತು. ಕೂಸು ಕೆಮ್ಮಿತು. ಎರಡು ದಿನ ಬಿಡದೆ ಕೆಮ್ಮಿತು. ಮೂರನೆಯ ಬೆಳಿಗ್ಗೆ ಅವಳು ಹೇಳಿದಳು:

“ಇಲ್ಲಿ ಏನೋ ಐತ್ರಿ. ಕಣ್ಣು ಉರಿತಾವ. ಕೂಸಿನ ಎದಿಗೆ ಕಿವಿ ಇಟ್ಟು ಕೇಳ್ರಿ, ಗೊರಗೊರ ಅಂತೈತಿ.”

ಅವನು ಕಿವಿ ಇಡಲಿಲ್ಲ. ಅವಳ ರಟ್ಟೆ ಹಿಡಿದು ಪ್ಯಾನೆಲ್ಲಿನ ಮುಂದೆ ನಿಲ್ಲಿಸಿದ. “ನೋಡು, ಎಂಟೂ ಸೊನ್ನಿ ಅದಾವ. ನಿನಗ ನನ್ನ ಕೂಡ ಇರೂ ಮನಸ್ಸಿಲ್ಲ. ಅದಕ್ಕ ಈ ನೆಪ.”

ಅವಳು ಪ್ಯಾನೆಲ್ ನೋಡಿದಳು. ಗಂಡನ ಮುಖ ನೋಡಿದಳು. ತೊಟ್ಟಿಲಿನಿಂದ ಕೂಸನ್ನು ಎತ್ತಿಕೊಂಡಳು. ಮಧ್ಯಾಹ್ನದ ಬಸ್ಸಿಗೆ ತವರಿಗೆ ಹೋದಳು.

ಮೊದಲ ತಿಂಗಳು ಅವನು ಬಹಳ ಸಂಕಟಪಟ್ಟ. ಬಸ್ಸಿನ ಸದ್ದಾದರೆ ಬಾಗಿಲಿಗೆ ಬರುತ್ತಿದ್ದ. ಎರಡನೆಯ ತಿಂಗಳು ಸಿಟ್ಟಾದ. ಮಾವ ಒಮ್ಮೆ ಬಂದು ಗೇಟಿನ ಹೊರಗೇ ನಿಂತು ಕೂಗಿದ. ಅವನು ಒಳಗೆ ಬರಲಿಲ್ಲ, ಇವನು ಹೊರಗೆ ಹೋಗಲಿಲ್ಲ. ಸೂರಿನಲ್ಲಿ ಗೂಡು ಕಟ್ಟಿದ್ದ ಗುಬ್ಬಿಗಳು ಎಂದು ಹೋದವೋ ಇವನು ನೋಡಲಿಲ್ಲ. ಆಮೇಲೆ ಸಿಟ್ಟೂ ಹೋಯಿತು. ಆರನೆಯ ತಿಂಗಳಿಗೆ ತೊಟ್ಟಿಲು ಬಿಚ್ಚಿ, ಅದರ ಹಗ್ಗದಿಂದ ಸೌದೆಯ ಹೊರೆ ಕಟ್ಟಿದ. “ಈಗ ನಾ ಆರಾಮ ಅದೀನಿ” ಎಂದು ಅಂಕಿಗಳಿಗೆ ಹೇಳಿದ. ಅವು ಸೊನ್ನೆ ತೋರಿಸಿದವು. ಎಂಥ ಹೊಂದಾಣಿಕೆಯ ಸಂಸಾರ!

ಹತ್ತನೆಯ ತಿಂಗಳಿಗೆ ತಪಾಸಣೆಯವನೊಬ್ಬ ಬಂದ. ಅವನ ಕೈಯಲ್ಲಿ ಸಣ್ಣದೊಂದು ಮೀಟರು. ಅದನ್ನು ರಸ್ತೆಯಾಚೆ ಬೇವಿನ ಗಿಡದ ಕೆಳಗೆ ನಿಂತು ಸೊನ್ನೆ ಮಾಡಿಕೊಂಡು ಬಂದಿದ್ದ. ಮನೆಯ ಬಾಗಿಲಿಗೆ ಬರುತ್ತಲೇ ಅದು ಕಿರುಚಿತು. ಮೀಟರಿನಲ್ಲಿ ಇಪ್ಪತ್ತೆಂಟು, ಪ್ಯಾನೆಲ್ಲಿನಲ್ಲಿ ನಾಲ್ಕು.

“ಸೊನ್ನಿ ಮಾಡಿದ ದಿನ ಯಾರು ಮೂಸಿದ್ರು?” ಎಂದು ತಪಾಸಣೆಯವನು ಕೇಳಿದ.

“ನಾನ ಮೂಸಿದ್ನಿರಿ.”

“ಇಪ್ಪತ್ನಾಲ್ಕನ್ನ ಸೊನ್ನಿ ಅಂತ ಅದಕ್ಕ ಕಲಿಸೀದಿ ನೋಡು ನೀ.”

ಅವನನ್ನು ಹೊರಗೆ ಎಳೆದುಕೊಂಡು ಹೋಗಿ ಬೇವಿನ ಕೆಳಗೆ ಕೂರಿಸಿ, ತಪಾಸಣೆಯವನು ಒಳಗೆ ಹೋಗಿ ವಾಲ್ವು ಹುಡುಕಿದ. ಸ್ಪ್ಯಾನರಿನ ಅರ್ಧ ಸುತ್ತಿಗೆ ಜಿನುಗು ನಿಂತಿತು. ಅರ್ಧ ಸುತ್ತು, ಅಷ್ಟೇ.

ಮೂರು ದಿನ ಒಳಗೆ ಕಾಲಿಡಬಾರದೆಂದು ಅವನನ್ನು ಚಹಾ ಅಂಗಡಿಯಲ್ಲಿ ಇರಿಸಿದರು. ಮೂರನೆಯ ದಿನ ಅವನ ಮೂಗು ಮರಳಿ ಬಂತು. ಮೊದಲು ಕುದಿಯುವ ಚಹಾ, ಆಮೇಲೆ ಬೇವಿನ ಹೂವು, ಆಮೇಲೆ ತನ್ನದೇ ಅಂಗಿ. ಆ ಅಂಗಿಯ ನಾತಕ್ಕೆ ಅವನೇ ಮುಖ ತಿರುಗಿಸಿದ. ಬೆಂಚಿನ ಜನ ಯಾಕೆ ಸರಿಯುತ್ತಿದ್ದರೆಂದು ಆಗ ತಿಳಿಯಿತು.

ಎದ್ದು ಮನೆಗೆ ಹೋದ. ಟ್ರಂಕಿನಲ್ಲಿ ಕೂಸಿನದೊಂದು ಸಣ್ಣ ಕೌದಿ ಉಳಿದಿತ್ತು. ಕೂಸಿನ ವಾಸನೆ ಸಿಕ್ಕೀತೆಂದು ಅದನ್ನು ಮುಖಕ್ಕೆ ಒತ್ತಿಕೊಂಡ. ಕಣ್ಣಿಗೆ ಖಾರ ಎರಚಿದ ಹಾಗಾಯಿತು. ಐದು ತಿಂಗಳ ಕೂಸನ್ನು ಮೂರು ದಿನ ಇದರಲ್ಲಿ ಸುತ್ತಿ ಮಲಗಿಸಿದ್ದೆ ಎಂದು ಗೊತ್ತಾಯಿತು. ಎಷ್ಟೋ ತಿಂಗಳಿಂದ ಅಲುಗದಿದ್ದ ಎದೆ ಆಗ ಒಡೆಯಿತು. “ಆಕಿ ಸುಳ್ಳು ಹೇಳಿರಲಿಲ್ಲ, ಆಕಿ ಸುಳ್ಳು ಹೇಳಿರಲಿಲ್ಲ” ಎಂದು ಹೊಸ್ತಿಲ ಮೇಲೆ ಕೂತು ಗಟ್ಟಿಯಾಗಿ ಅತ್ತ. ಆಮೇಲೆ ಹೆಂಡತಿಯ ತವರಿನ ಬಸ್ಸು ಹತ್ತಿದ.

ಇಷ್ಟಕ್ಕೆ ಅಜ್ಜಾರು ಕತೆ ನಿಲ್ಲಿಸಿದರು.

ಅಡಿವೆಪ್ಪನಿಗೆ ತಡೆಯಲಾಗಲಿಲ್ಲ. “ಆಕಿ ತಿರುಗಿ ಬಂದ್ಲೇನ್ರಿ? ಕೂಸು ಉಳೀತೇನ್ರಿ ಅಜ್ಜಾರ?” ಎಂದು ಕೇಳಿದ. ಅವನ ದನಿ ಏರಿತ್ತು.

ಅಜ್ಜಾರು ಅವನನ್ನೇ ನೋಡುತ್ತ ಕೇಳಿದರು:

“ಹೆಂಡತೀನ ಮಣ್ಣು ಮಾಡಿದ ಎಷ್ಟನೇ ದಿನಕ್ಕ ನೀ ಇಲ್ಲಿಗೆ ಬಂದು ಸೊನ್ನಿ ಗುಂಡಿ ಒತ್ತಿದಿ, ಅಡಿವೆಪ್ಪಾ?”

“ಮೂರನೇ ದಿನಕ್ಕರಿ” ಎಂದ ಅಡಿವೆಪ್ಪ.