ಹೊಸ್ತಿಲಗೆರೆ

ಕರಿಗುಡ್ಡ ಎಂಬ ಊರಿನ ಆಚೆಗಿರುವ ಹೊಸ್ತಿಲಗೆರೆಗೆ ಬಂದವರು ಕೆರೆ ಏರಿಯ ಕಲ್ಲುಗಳನ್ನು ನೋಡಿ ಮೊದಲು ಗುಡಿ ಎಲ್ಲಿ ಎಂದು ಕೇಳುತ್ತಾರೆ. ಇಲ್ಲಿ ಗುಡಿಯಿಲ್ಲ. ಏರಿಯ ಒಡಲಲ್ಲಿ ಬೀಸುವ ಕಲ್ಲು, ಒರಳು, ಕಂಬದ ಬುಡ, ಗೋಡೆಗಲ್ಲು ಒಂದರ ಮೇಲೊಂದು ಕೂತಿವೆ. ಒಂದು ಊರೇ ಏರಿಯಾಗಿದೆ ಎನ್ನುತ್ತಾರೆ.

ಹಿಂದೆ ಒಮ್ಮೆ ಭೂಮಿ ನಡುಗಿ ಕರಿಗುಡ್ಡದಲ್ಲಿ ಒಂದು ಗೋಡೆಯೂ ನಿಲ್ಲಲಿಲ್ಲವಂತೆ. ಬಾವಿಗಳು ಬತ್ತಿದವು, ಏರಿ ಬಿರಿದು ಕೆರೆಯ ನೀರೂ ಸೋರತೊಡಗಿತು. ಸತ್ತವರನ್ನು ಮಣ್ಣು ಮಾಡಿ ಬಂದ ಜನ ಬಿದ್ದ ಮನೆಗಳನ್ನು ಬಿಡಿಸಿದರು. ತೊಲೆ ಜಂತಿ ಗುಡಿಸಲಿಗೆ, ಜರಡಿ ಹಿಡಿದ ಮಣ್ಣು ಹೊಸ ಗೋಡೆಗೆ, ಕಲ್ಲೆಲ್ಲ ಏರಿಗೆ. ನೀಲವ್ವ ಗಂಡನನ್ನೂ ಮನೆಯನ್ನೂ ಕಳೆದುಕೊಂಡವಳು. ಉಳಿದ ಒಬ್ಬ ಮಗಳು ಬಾಣಂತಿ. ಕೆರೆ ಬರಿದಾದರೆ ಹಸುಗೂಸನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದೆಂದು ಅವಳ ಜೀವ ಹೊಡೆದುಕೊಳ್ಳುತ್ತಿತ್ತು. ಬಿರುಕಿನ ಬಾಯಿಗೆ ಅಡ್ಡ ಹಾಕಲು ಒಂದು ಉದ್ದನೆಯ ಕಲ್ಲು ಬೇಕಿತ್ತು. ಅಂಥದ್ದು ಊರಲ್ಲಿದ್ದದ್ದು ಒಂದೇ, ಊರ ಧಣಿ ವೀರಸಂಗಪ್ಪ ದೇಸಾಯಿಯ ದೊಡ್ಡಮನೆಯ, ಅಂದರೆ ವಾಡೆಯ, ಹೊಸ್ತಿಲು.

ವಾಡೆ ನೆಲಸಮವಾಗಿ ಹೊಸ್ತಿಲೊಂದೇ ಉಳಿದಿತ್ತು. ಈ ಮಹಾಶಯ ಅದರ ಹಿಂದಿನ ಬಯಲಲ್ಲಿ ಮಂಚ ಹಾಕಿ, ರುಮಾಲು ಸುತ್ತಿ ಕೂತಿದ್ದ. ವಾಡೆಯ ಮುಂದೆ ಚಪ್ಪಲಿ ಕಳಚಿ ಹಾಯಬೇಕೆಂಬುದು ಹಳೆಯ ಕಟ್ಟಳೆ. ಗೋಡೆ ಹೋದರೂ ಕಟ್ಟಳೆ ಹೋಗಲಿಲ್ಲ. ಹೆಣ ಹೊತ್ತವರನ್ನೂ ನಿಲ್ಲಿಸಿ ಚಪ್ಪಲಿ ಬಿಡಿಸಿದನಂತೆ. ಒಂದು ಕಲ್ಲನ್ನೂ ಎತ್ತದ ಆ ಕೈಗಳಿಗೆ ಬೀಸಣಿಗೆ ಮಾತ್ರ ಭಾರವಾಗಿರಲಿಲ್ಲ. ನೀಲವ್ವ ಹಾರೆ ಹಿಡಿದು ಬಂದಾಗ ಕೂತಲ್ಲಿಂದಲೇ ಗದರಿದ.

"ಏಳು ತಲಿಯಿಂದ ಬಂದ ಹೊಸ್ತಲ ಇದು. ದಾಟಾಕ ನಮ್ಮ ಅಪ್ಪಣಿ ಬೇಕು."

"ದಾಟಿ ಎಲ್ಲಿಗೆ ಹೋಗ್ಲಿರಿ, ಧಣಿ? ಆ ಕಡಿನೂ ಬಯಲ, ಈ ಕಡಿನೂ ಬಯಲ."

ಹಾರೆ ಕಲ್ಲಿನಡಿ ಸೇರಿತು. ದೇಸಾಯಿ ಓಡಿ ಬಂದ. ತಡೆಯುವ ಆತುರದಲ್ಲಿ, ಜೋಡು ಮೆಟ್ಟಿದ ಕಾಲಲ್ಲೇ, ಹೊಸ್ತಿಲ ಮೇಲೆ ಹತ್ತಿ ನಿಂತ. ಮಕ್ಕಳು ಕೂಡ ಮಾಡದ ತಪ್ಪು ಅದು. ಹೊಸ್ತಿಲನ್ನು ತುಳಿದ ಮನೆಗೆ ಲಕ್ಷ್ಮಿ ಕಾಲಿಡುವುದಿಲ್ಲವೆಂದು ಊರಿಗೆಲ್ಲ ಹೇಳುತ್ತಿದ್ದವನು ಇವನೇ. ನೀಲವ್ವ ಹಾರೆ ಬಿಟ್ಟು ಅವನ ಪಾದಗಳನ್ನೇ ನೋಡಿದಳು, ಆಮೇಲೆ ಸುತ್ತ ನೆರೆದವರ ಕಡೆ ತಿರುಗಿದಳು.

"ಧಣ್ಯಾರ ತುಳದ್ರು. ಇನ್ನ ಇದು ಬರೇ ಕಲ್ಲ. ಬರ್ರಿ, ಎತ್ತೂಣು."

ಇಳಿಯಲೂ ಆಗದೆ ನಿಲ್ಲಲೂ ಆಗದೆ ದೇಸಾಯಿ ಒದ್ದಾಡಿದನಂತೆ. ಕೊನೆಗೆ ಅವನ ಆಳುಗಳೇ ತೋಳು ಹಿಡಿದು ಇಳಿಸಿ ಕಲ್ಲಿಗೆ ಹೆಗಲು ಕೊಟ್ಟರು. ಕಲ್ಲು ಬಿರುಕಿಗೆ ಅಡ್ಡ ಬಿದ್ದು ಕೆರೆಯ ಸೋರಿಕೆ ನಿಂತಿತು. ಬಾಣಂತಿಯ ಸ್ನಾನದ ನೀರೊಲೆ ಅಂದೇ ಹೊತ್ತಿತು. ಸಂಜೆಗೆ ದೇಸಾಯಿಯೂ ಬಿಂದಿಗೆ ಹಿಡಿದು ಬಂದ.

ಆ ಕಲ್ಲು ಇಂದಿಗೂ ಅಲ್ಲೇ ಇದೆ. ಮೇಲಿನ ತಾವರೆಯ ಕೆತ್ತನೆ ಸವೆದು ಹೋಗಿದೆ. ಊರ ಹೆಂಗಸರು ಅದರ ಮೇಲೆ ಬಟ್ಟೆ ಕುಕ್ಕುತ್ತಾರೆ. ವಾಡೆ ಎಲ್ಲಿತ್ತೆಂದು ಕೇಳಿದರೆ ಯಾರಿಗೂ ಗೊತ್ತಿಲ್ಲ.