ಹೊಳೆ ದಾಟಿಸುವ ಆಟ

ಹೊಳೆದಂಡೆಯ ಆಶ್ರಮದಲ್ಲಿ ನೀಲಮ್ಮ ಅಕ್ಕೋರು ಮೇಷ್ಟ್ರುಗಳಿಗೇ ಪಾಠ ಹೇಳುತ್ತಿದ್ದರು. ಟ್ಯಾಬಿನಲ್ಲಿ ಆಟ ಕಟ್ಟುವುದು, ಆ ಆಟದಿಂದ ಮಕ್ಕಳ ತಲೆ ಓಡುವಂತೆ ಮಾಡುವುದು ಅಲ್ಲಿಯ ವಿದ್ಯೆ. ಅವರು ಹೂಂ ಅನ್ನದೆ ಯಾರೂ ತಮ್ಮ ಶಾಲೆಗೆ ಮರಳುವಂತಿರಲಿಲ್ಲ.

ಶಿಷ್ಯ ಪಂಪಣ್ಣ ಬಂದು ಒಂದು ವರ್ಷವಾಗಿತ್ತು. ಊರಲ್ಲಿ ಅವನ ಶಾಲೆಯ ಮಕ್ಕಳು ಕಾಯುತ್ತಿದ್ದರು. ಅವನಂತೂ ತುದಿಗಾಲ ಮೇಲೆ ನಿಂತಿದ್ದ.

ಒಂದು ಬೆಳಿಗ್ಗೆ ಅಕ್ಕೋರ ಬಳಿಗೆ ಓಡಿ ಬಂದ.

"ಆಟ ಮುಗೀತ್ರೀ ಅಕ್ಕೋರೇ. ಪರದೆ ಮ್ಯಾಲೆ ಒಂದು ಹೊಳಿ. ಈ ದಂಡಿಗೆ ಒಂದು ಆಡು. ಹಲಗಿ ಜೋಡಿಸಿ ಸೇತುವೆ ಕಟ್ಟಿ ಆಡನ್ನ ದಾಟಿಸಬೇಕು. ಇವತ್ತ ಮಕ್ಕಳನ್ನ ಕೂಡಿಸಲೇನ್ರೀ?"

"ಕೂಡಿಸು. ಮೊದಲು ಬೆರಳು ಇದರಾಗ ಅದ್ದು."

ಅಕ್ಕೋರು ಕಲಸಿದ ಅರಿಶಿನದ ಬಟ್ಟಲು ಮುಂದಿಟ್ಟರು.

"ಯಾಕ್ರೀ?"

"ಅದ್ದು."

ಪಕ್ಕದ ಹಳ್ಳಿಯ ಹತ್ತು ಮಕ್ಕಳು, ಹತ್ತು ಟ್ಯಾಬು. ಅರ್ಧ ತಾಸಿನಲ್ಲಿ ಹತ್ತೂ ಆಡುಗಳು ಹೊಳೆ ದಾಟಿದವು. ಪಂಪಣ್ಣನಿಗೆ ಕುಣಿಯುವಷ್ಟು ಖುಷಿ.

"ಎಲ್ಲಾರೂ ಗೆದ್ದರ್ರೀ ಅಕ್ಕೋರೇ. ನಾ ಊರಿಗೆ ಹೊರಡಲೇನ್ರೀ?"

ಅಕ್ಕೋರು ಟ್ಯಾಬುಗಳನ್ನು ಸಾಲಾಗಿ ಇಟ್ಟರು. ಒಂದೊಂದರ ಮೇಲೂ ಹಳದಿ ಕಲೆ. ಕೆಲವುಗಳ ಮೇಲೆ ಏಳೆಂಟು.

"ಆಡಿದವರು ಯಾರಪ್ಪ?"

ಪಂಪಣ್ಣನ ಮುಖ ಸಪ್ಪಗಾಯಿತು. 'ಹಂಗಲ್ಲ, ಹಿಂಗ' ಎನ್ನುತ್ತ ಎಲ್ಲರ ಹೆಗಲ ಮೇಲಿಂದ ಬಗ್ಗಿ ಬೆರಳಿಟ್ಟಿದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ಪಾಪ, ಹನ್ನೆರಡು ವರ್ಷ ಮೇಷ್ಟ್ರಾಗಿ ಪಳಗಿದ ಬೆರಳು ಅದು.

"ಈ ಬೆರಳು ನನ್ನ ಮಾತ ಕೇಳೂದಿಲ್ರೀ. ಏನ ಮಾಡಲಿ?"

"ಅದರ ಮ್ಯಾಲೆ ಕೂಡು."

ಮರುದಿನ ಬೇರೆ ಮಕ್ಕಳು ಬಂದರು. ಪಂಪಣ್ಣ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ ಕೂತ. ತುಟಿಯನ್ನೂ ಬಿಗಿ ಹಿಡಿದ.

ಮಾಳವ್ವ ಎಂಬ ಹುಡುಗಿ ಹಲಗೆಯನ್ನು ಮುಟ್ಟಲೇ ಇಲ್ಲ. ಪಂಪಣ್ಣ ಬರೀ ಅಂದಕ್ಕೆಂದು ಆಟದ ದಂಡೆಯಲ್ಲಿ ಬರೆದಿದ್ದ ಕಲ್ಲುಗಳನ್ನು ಎಳೆದು ತಂದು ಹೊಳೆಗೆ ಅಡ್ಡ ಪೇರಿಸಿದಳು. ಎರಡು ಸಲ ಕಲ್ಲು ಉರುಳಿದವು. ಪಂಪಣ್ಣನ ಜೀವ ಬಾಯಿಗೆ ಬಂತು, ಕೈ ಮಾತ್ರ ಅಲುಗಲಿಲ್ಲ.

ಮೂರನೆಯ ಸಲ ನೀರು ಬೇರೆ ದಾರಿ ಹಿಡಿಯಿತು. ಆಡು ಒಣ ಮರಳಿನ ಮೇಲೆ ನಡೆದು ಹೋಯಿತು. ಉಳಿದ ಮಕ್ಕಳೆಲ್ಲ ಎದ್ದು ಬಂದು ಅವಳ ಟ್ಯಾಬನ್ನು ಮುತ್ತಿಕೊಂಡರು.

ಪಂಪಣ್ಣ ಚಪ್ಪಲಿಯನ್ನೂ ಮೆಟ್ಟದೆ ಓಡಿದ.

"ಅಕ್ಕೋರೇ, ಹೊಳಿಯನ್ನ ತಿರುಗಿಸಿಬಿಟ್ಟಳ್ರೀ! ಆಟ ಕಟ್ಟಿದಾವ ನಾನು, ನನ್ನ ತಲ್ಯಾಗ ಸುಳಿದಿರಲಿಲ್ಲ. ಮೈ ಜುಂ ಅಂತು."

ಅಕ್ಕೋರ ಮುಖ ಅರಳಿತು. ಹನ್ನೆರಡು ತಿಂಗಳಲ್ಲಿ ಅವರು ಅವನೆದುರು ಹಾಗೆ ನಕ್ಕಿರಲಿಲ್ಲ.

"ನಾಳೆ ಊರಿಗೆ ಹೊರಡು."

ಪಂಪಣ್ಣನಿಗೆ ನಾಳೆಯವರೆಗೆ ತಡೆಯಲಾಗಲಿಲ್ಲ. ಆಗಲೇ ಹಾಸಿಗೆ ಸುತ್ತಿ, ಹಗ್ಗ ಬಿಗಿದು, ಹೆಗಲಿಗೇರಿಸಿಕೊಂಡು ಅಪ್ಪಣೆ ಕೇಳಲು ಬಂದ.

"ಹೋದ ತಕ್ಷಣ ಇದಽ ಕೆಲಸ ನೋಡ್ರೀ. ಕಲ್ಲು ಹೆಂಗ ಪೇರಿಸಬೇಕು ಅಂತ ಬೋರ್ಡಿನ ಮ್ಯಾಲೆ ಬರದು ಬಿಡತೀನಿ. ಒಂದು ವಾರದಾಗ ನಮ್ಮ ಮಕ್ಕಳು ಎಲ್ಲಾರೂ ಮಾಳವ್ವನ ಹಂಗಽ ಹೊಳಿ ತಿರುಗಿಸಬೇಕು. ಒಬ್ಬರೂ ತಪ್ಪಬಾರದು."

ಅಕ್ಕೋರು ಅವನ ಹೆಗಲ ಕಡೆ ನೋಡಿದರು.

"ಹಾಸಿಗಿ ಬಿಚ್ಚಪ್ಪ."