ಬೆಚ್ಚಗಿದ್ದ ಎಂಜಿನ್

“ಅಮ್ಮಾ, ಅಣ್ಣ ಕಾಯಿಲೆ ಬಿದ್ದು ಹೇಳಿಕಳಿಸಿದಾಗ ನಾನು ಹೋಗಲಿಲ್ಲ. ವ್ರತ ಹಿಡಿದಿದ್ದೇನೆ, ಮುಗಿಸಿಕೊಂಡು ಹೋಗೋಣ ಎಂದುಕೊಂಡೆ. ಅಷ್ಟರಲ್ಲಿ ಅವನೇ ಹೋಗಿಬಿಟ್ಟ. ಅಂದಿನಿಂದ ಮೂರು ವರ್ಷ, ಅವನ ಹೆಸರಿನಲ್ಲಿ ದಿನವೂ ಸಾವಿರದೆಂಟು ಜಪ ಮಾಡುತ್ತಿದ್ದೇನೆ. ಜ್ವರ ಬಂದ ದಿನವೂ ತಪ್ಪಿಸಿಲ್ಲ. ಆದರೂ ಎದೆಯ ಭಾರ ಇಳಿದಿಲ್ಲ. ಇನ್ನೆಷ್ಟು ಮಾಡಿದರೆ ಅವನಿಗೆ ತಲುಪೀತು?”

ಮಹಂತನೆಂಬ ಶಿಷ್ಯ ಹೀಗೆ ಕೇಳಿದ. ಆ ಮಠದ ಗುರು ಒಬ್ಬ ಮುದುಕಿ. ಎಲ್ಲರೂ ಆಕೆಯನ್ನು ಅಮ್ಮ ಎಂದೇ ಕರೆಯುತ್ತಿದ್ದರು. ಅಮ್ಮ “ಕೂತುಕೋ ಮಗಾ” ಎಂದು ಹೇಳಿ ಈ ಕತೆ ಶುರುಮಾಡಿದರು.

ಬೆಟ್ಟದ ನೆತ್ತಿಯ ಮೇಲೆ ಒಂದು ಊರು. ಆಲೂಗೆಡ್ಡೆ ಬೆಳೆಯುವ ನಲವತ್ತು ಮನೆ. ಆಸ್ಪತ್ರೆ ಕೆಳಗೆ, ಹತ್ತು ಮೈಲಿ ದೂರ. ಊರಿಗೆಲ್ಲ ಇದ್ದದ್ದು ಒಂದೇ ಕಾರು. ಅದೂ ಚಿಕ್ಕದು. ನಾಲ್ಕು ಜನ ಕೂತರೆ ಐದನೆಯವರ ಮೊಣಕಾಲು ಗದ್ದಕ್ಕೆ ಬರುತ್ತಿತ್ತು. ಕಾರಿನ ಡ್ರೈವರು ಒಳ್ಳೆಯ ಮನುಷ್ಯ. ಯಾರು ಕರೆದರೂ ಇಲ್ಲ ಎನ್ನುತ್ತಿರಲಿಲ್ಲ.

ಚಳಿಗಾಲದಲ್ಲಿ ಅಲ್ಲಿ ಹುಲ್ಲಿನ ಮೇಲಿನ ಇಬ್ಬನಿಯೂ ಗಟ್ಟಿಯಾಗುತ್ತದೆ. ಎಂಜಿನ್ನಿನೊಳಗಿನ ಆಯಿಲ್ ಮಂದವಾಗುತ್ತದೆ. ಬೆಳಗ್ಗೆ ಕೀಲಿ ತಿರುಗಿಸಿದರೆ ಕಾರು ಮುದುಕರ ಹಾಗೆ ಕೆಮ್ಮುತ್ತದೆಯೇ ಹೊರತು ಏಳುವುದಿಲ್ಲ. ಅದಕ್ಕೇ ಆ ಕಡೆಯವರದ್ದು ಒಂದು ರೂಢಿ. ಸಂಜೆ ಬಾನೆಟ್ಟಿನ ಮೇಲೆ ಕಂಬಳಿ ಹೊದಿಸುತ್ತಾರೆ. ಬೂದಿ ಮುಚ್ಚಿದ ಕೆಂಡವನ್ನು ಒಂದು ಬಾಣಲೆಯಲ್ಲಿ ಎಂಜಿನ್ನಿನ ಅಡಿಗೆ ಸರಿಸಿಡುತ್ತಾರೆ. ಬೆಳಗಿನವರೆಗೂ ಎಂಜಿನ್ ಬೆಚ್ಚಗಿರುತ್ತದೆ.

ಒಂದು ಸಂಜೆ ಡ್ರೈವರು ದಣಿದು ಬಂದ. ಇವತ್ತು ಅಂಥ ಚಳಿಯೇನಿಲ್ಲ ಎಂದುಕೊಂಡು ಹಾಗೇ ಮಲಗಿಬಿಟ್ಟ. ಬೆಳಗ್ಗೆ ಅವನ ಹೆಂಡತಿಗೆ ಎದೆನೋವು ಬಂತು. ಆಕೆಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಕೀಲಿ ತಿರುಗಿಸಿದ. ಕಾರು ಏಳಲಿಲ್ಲ. ಓಡಿಹೋಗಿ ನೀರು ಕಾಯಿಸಿ ತಂದು ಎಂಜಿನ್ನಿನ ಮೇಲೆ ಸುರಿದ. ಕಾರು ಎದ್ದಿತು. ಹಿಂದೆ ತಿರುಗಿ ನೋಡಿದರೆ ಹೆಂಡತಿಯ ಉಸಿರು ನಿಂತಿತ್ತು.

ಆ ಮೇಲೆ ಅವನು ಒಂದು ದಿನವೂ ಕೆಂಡ ಇಡುವುದನ್ನು ತಪ್ಪಿಸಲಿಲ್ಲ. ಒಂದು ಕಂಬಳಿ ಇದ್ದಲ್ಲಿ ಎರಡು ಹೊದಿಸಿದ. ಬೆಳಕು ಹರಿಯುವ ಮೊದಲೇ ಎದ್ದು ಎಂಜಿನ್ ಶುರುಮಾಡಿ, ಒಂದು ಪಾತ್ರೆ ನೀರು ಕುದಿಯುವಷ್ಟು ಹೊತ್ತು ಬಿಟ್ಟು, ನಿಲ್ಲಿಸುತ್ತಿದ್ದ. ನನ್ನ ಹೆಂಡತಿಗೆ ಬಂದ ಸಾವು ಈ ಊರಿನಲ್ಲಿ ಇನ್ನೊಬ್ಬರಿಗೆ ಬರಬಾರದು, ಅಷ್ಟೇ ಅವನಿಗೆ ಬೇಕಾದದ್ದು. ಬಾಡಿಗೆಗೆ ಹೋಗುವುದನ್ನೂ ಬಿಟ್ಟ. ಹೊಲದಲ್ಲಿ ಕೂಲಿ ಮಾಡಿ ಪೆಟ್ರೋಲ್ ತರಿಸುತ್ತಿದ್ದ.

ಪಕ್ಕದ ಮನೆಯಲ್ಲಿ ಒಬ್ಬ ಹೆಂಗಸಿದ್ದಳು. ಅವಳ ತಾಯಿಗೆ ಕಣ್ಣಿನ ಪೊರೆ. ಆಸ್ಪತ್ರೆಗೆ ಕರೆದುಕೊಂಡು ಹೋಗಣ್ಣಾ ಎಂದು ಬಂದು ಕೇಳಿದಳು.

“ನಾನು ಕೆಳಗೆ ಹೋದಾಗ ಇಲ್ಲಿ ಯಾರಿಗಾದರೂ ಎದೆನೋವು ಬಂದರೆ ಏನು ಮಾಡಲಿ, ತಂಗೀ? ಕಾರು ಇಲ್ಲೇ ಇರಬೇಕು” ಎಂದ.

“ಕಂಬಳಿ ಹೊದಿಸ್ತೀಯ, ಕೆಂಡ ಇಡ್ತೀಯ. ಇದಕ್ಕೆ ಎರಡು ವರ್ಷದಿಂದ ಬಾಣಂತನ ಮಾಡ್ತಾನೇ ಇದ್ದೀಯಲ್ಲಣ್ಣಾ, ಇದು ಹೆತ್ತದ್ದಾದರೂ ಏನು?” ಎಂದು ಅವಳು ನಕ್ಕಳು. ಅವನೂ ನಕ್ಕ. ಕಾರು ಮಾತ್ರ ಅಂಗಳ ಬಿಟ್ಟು ಕದಲಲಿಲ್ಲ.

ಮುಂದಿನ ಪುಷ್ಯ ಮಾಸದಲ್ಲಿ ಒಂದು ಬೆಳಗ್ಗೆ ಅದೇ ಹೆಂಗಸು ಓಡಿ ಬಂದಳು. ಈ ಸಲ ನಗು ಇರಲಿಲ್ಲ. “ಅಣ್ಣಾ, ಮಗಳಿಗೆ ಹೆರಿಗೆ ನೋವು. ಮಗು ಅಡ್ಡ ನಿಂತಿದೆ ಅಂತಿದಾರೆ.”

ನಿಜ ಹೇಳಬೇಕೆಂದರೆ ಅವನ ಮುಖ ಅರಳಿತು, ಮಗಾ. ಅವನು ಕಾದಿದ್ದದ್ದು ಇದೇ ಗಳಿಗೆಗೆ ತಾನೆ? ಹುಡುಗಿಯನ್ನು ತಂದು ಮಲಗಿಸಿದರು. ಕೀಲಿ ತಿರುಗಿಸಿದ. ಒಂದೇ ಸಲಕ್ಕೆ ಎಂಜಿನ್ ಎದ್ದಿತು. ಗೇರು ಹಾಕಿದ. ಕಾರು ಕಿರುಚಿತು, ನಡುಗಿತು, ಮುಂದೆ ಹೋಗಲಿಲ್ಲ.

ಅಂಗಳ ಇಳಿಜಾರು. ಎರಡು ವರ್ಷಕ್ಕೂ ಹಿಂದೆ ಎಳೆದ ಹ್ಯಾಂಡ್‌ಬ್ರೇಕ್ ಎಳೆದ ಹಾಗೇ ಇತ್ತು. ಮಳೆ, ಮಂಜು ಎಲ್ಲ ಇಳಿದು ಹಿಂದಿನ ಚಕ್ರಗಳ ಒಳಗೆ ತುಕ್ಕು ಕಚ್ಚಿಕೊಂಡಿತ್ತು. ಈಗ ಹ್ಯಾಂಡ್‌ಬ್ರೇಕ್ ಇಳಿಸಿದರೂ ಚಕ್ರ ಬಿಡಲಿಲ್ಲ. ಆರು ಜನ ತಳ್ಳಿದರು. ಅವನು ಸುತ್ತಿಗೆ ಹಿಡಿದು ಕಾರಿನ ಅಡಿಗೆ ನುಗ್ಗಿದ. “ಬಂತು, ಈಗ ಬಂತು, ತಡೀರಿ” ಎನ್ನುತ್ತ ಹೊಡೆದ.

ಎಷ್ಟು ಹೊತ್ತು ತಡೆದಾರು? ಬಾನೆಟ್ಟಿನ ಮೇಲಿನ ಕಂಬಳಿಯನ್ನೇ ಬಿದಿರಿಗೆ ಕಟ್ಟಿ ಜೋಲಿ ಮಾಡಿ, ಹುಡುಗಿಯನ್ನು ಹೊತ್ತುಕೊಂಡು ಬೆಟ್ಟ ಇಳಿದರು.

ಬಿಸಿಲೇರಿದ ಮೇಲೆ ಚಕ್ರ ಬಿಟ್ಟಿತು. ಅವನು ಕಾರನ್ನು ಬೆಟ್ಟದ ಕೆಳಗೆ ಓಡಿಸಿದ. ಅರ್ಧ ದಾರಿಯ ತಿರುವಿನಲ್ಲಿ ಅವರು ಎದುರಾದರು. ಹತ್ತಿ ಬರುತ್ತಿದ್ದರು. ಅವಸರವಿಲ್ಲದೆ ನಡೆಯುತ್ತಿದ್ದರು. ಜೋಲಿಯ ಬಾಯಿ ಮುಚ್ಚಿತ್ತು.

ಅವನು ಕಾರು ನಿಲ್ಲಿಸಿ ಇಳಿದ. ಯಾರೂ ಅವನನ್ನು ಬೈಯಲಿಲ್ಲ. ಹುಡುಗಿಯ ತಾಯಿ ಹತ್ತಿರ ಬಂದಳು. ಬಾನೆಟ್ಟಿನ ಮೇಲೆ ಅಂಗೈ ಊರಿದಳು.

“ಬೆಚ್ಚಗಿದೆ ಅಣ್ಣಾ” ಎಂದಳು. ಆಮೇಲೆ ಜೋಲಿಯ ಹಿಂದೆ ನಡೆದುಹೋದಳು.

ಅಮ್ಮ ಇಲ್ಲಿಗೆ ನಿಲ್ಲಿಸಿದರು. ಮಹಂತನ ಕಣ್ಣು ತುಂಬಿತ್ತು. ಕಣ್ಣೊರೆಸಿಕೊಂಡು ಕೇಳಿದ: “ಹಾಗಾದರೆ ನಾನು ಜಪ ಬಿಟ್ಟುಬಿಡಲೇ, ಅಮ್ಮಾ?”

“ಅದು ಆಮೇಲಿನ ಮಾತು, ನಿನ್ನಣ್ಣನ ಹೆಂಡತಿ ಮಕ್ಕಳು ಈಗ ಎಲ್ಲಿದ್ದಾರೆ, ಮೊದಲು ಅದನ್ನು ಹೇಳು” ಎಂದರು ಅಮ್ಮ.